ಅಪ್ಪನ ಎಡೆ

ಭಂಡಾರದ ಅರಿಶಿನದ ವಾಸನೆ ಈಗಲೂ ಮೂಗಿಗೆ ಬಡಿದರೆ ಬೀಳಗಿ ಕಡೆಯ ನಮ್ಮೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಣೆಕಟ್ಟಿನ ಹಿನ್ನೀರು ಹೊಲಕ್ಕೆ ನುಗ್ಗಿತ್ತು. ಬೀರಪ್ಪ ದೇವರನ್ನು ಹೊಸ ಊರಿಗೆ ಒಯ್ಯುವ ದಿನ ಅದು. ಅಜ್ಜಿ ಹಣೆಗೆ ಭಂಡಾರ ಹಚ್ಚಲು ಬಂದಾಗ ಅಪ್ಪ ಕೈ ಅಡ್ಡ ಹಿಡಿದ.

"ನನಗ ದೇವರ ಬ್ಯಾಡ ಬೇ ಯವ್ವಾ. ಮನುಷ್ಯಾರ ಸಾಕು."

"ಬೀರಪ್ಪಗ ಎಡಿ ಹಿಡೀಲಾರದ ನಾ ಉಣ್ಣಂಗಿಲ್ಲ. ಹಿತ್ತಲಮನಿ ಕಣ್ಣಿಲ್ಲದ ದ್ಯಾಮವ್ವ ಉಣ್ಣೂತನಕ ನೀ ಉಣ್ಣಂಗಿಲ್ಲ. ಆಕಿ ನಿನ್ನ ದೇವರಲ್ಲೇನೋ?"

"ಆಕಿ ವರ ಕೊಡಂಗಿಲ್ಲ. ಪಲ್ಯಾಕ ಉಪ್ಪು ಕಡಿಮಿ ಆತಂತ ಬೈತಾಳ!" ಅಪ್ಪ ಸಿಡುಕಿದ.

"ನನ್ನ ಬೀರಪ್ಪರೆ ಏನ್ ವರ ಕೊಟ್ಟಾನ? ಊರು ಮುಳುಗಾಕತ್ತೇತಿ."

ಅಪ್ಪ ತನ್ನ ರೊಟ್ಟಿಯನ್ನು ಮುಚ್ಚಿಟ್ಟು, ದ್ಯಾಮವ್ವನ ಬುತ್ತಿ ಹಿಡಿದು ಹೊರಟ. ಹೊಸ್ತಿಲು ದಾಟಿದವನು ತಿರುಗಿ ಬಂದು, ಯಾರ ಮುಖವನ್ನೂ ನೋಡದೆ, ಬುತ್ತಿಯ ಪಲ್ಯಕ್ಕೆ ಇನ್ನೊಂದು ಚಿಟಿಕೆ ಉಪ್ಪು ಹಾಕಿದ.