ಜಡೆಯ ಬಣ್ಣ

“ಇದು ನನ್ನ ಕೂದಲಲ್ಲ,” ಎಂದಳು ತಾರ್ಯಾ.

ಕನ್ನಡಿಯ ಮುಂದೆ ಕೂತಿದ್ದ ಅವಳ ಅಕ್ಕ ಹಿಲ್ಕಾಳ ಮುಖದಲ್ಲಿ ಆಗಷ್ಟೇ ಮೂಡಿದ್ದ ನಗು ಅಲ್ಲೇ ನಿಂತಿತು. ಅವಳ ತಲೆಯ ಮೇಲೆ ವಿಗ್ಗಿನ ಅಂಚು ಸರಿಪಡಿಸುತ್ತಿದ್ದ ಮುದುಕ ಒನ್ನಿ, ಹಲ್ಲಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು ಮೇಜಿನ ಮೇಲಿಟ್ಟ.

“ಇನ್ನೊಂದ್ಸಲ ಹೇಳಮ್ಮ.”

“ನನ್ನ ಜಡೆ ಬೂದಿ ಕಲೆಸಿದಂಥ ತೆಳು ಹಳದಿ. ಇದು ನೋಡಿದ್ರೆ ಜೇನುತುಪ್ಪ. ಎಲ್ಲೋ ಅದಲುಬದಲಾಗಿದೆ.”

“ಇಡೀ ಚಳಿಗಾಲ ಒಂದೊಂದೇ ಎಳೆ ಗಂಟು ಹಾಕಿದೀನಿ. ಅಷ್ಟರಲ್ಲಿ ಈ ಅಂಗಡಿಗೆ ಬಂದ ಜಡೆ ಅದೊಂದೇ. ಅದಲುಬದಲು ಮಾಡೋಕೆ ಇನ್ನೊಂದನ್ನ ಕುದುರೆ ಬಾಲದಿಂದ ಕಿತ್ಕೊಂಡು ಬರ್ಲಾ?”

ಚಿಕಿತ್ಸೆಯಲ್ಲಿ ತಲೆ ಬೋಳಾದಾಗಿನಿಂದ ಸಂತೆ ಚೌಕದಲ್ಲಿ ಹಿಲ್ಕಾಳ ಮೀನು ತುಂಬಿದ ರೊಟ್ಟಿಯ ಅಂಗಡಿ ಮುಚ್ಚಿತ್ತು. ಕಾಯಿಲೆ ಹೋಯಿತೆಂದು ಡಾಕ್ಟರು ಹೇಳಿದರೂ ಅವಳು ಜನರ ಎದುರು ಬರಲಿಲ್ಲ. “ಯಾರದೋ ಕೂದಲು ಹೊತ್ಕೊಂಡು ನಾನು ರೊಟ್ಟಿ ಮಾರಲ್ಲ” ಎಂದು ಹಟ ಹಿಡಿದಳು. ಆಗ ತಾರ್ಯಾ ಸೊಂಟ ಮುಟ್ಟುತ್ತಿದ್ದ ತನ್ನ ಜಡೆಯನ್ನೇ ಕತ್ತರಿಸಿ ಕೊಟ್ಟಿದ್ದಳು. ಅವತ್ತಿನಿಂದ ಹೊರಗಾಗಲಿ ಅಕ್ಕನ ಮುಂದಾಗಲಿ ಅವಳು ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದದ್ದಿಲ್ಲ.

“ಹಂಗಾದ್ರೆ ತೆಗೀರಿ ಒನ್ನಿ,” ಎಂದಳು ಹಿಲ್ಕಾ ಮೆಲ್ಲಗೆ. “ಅವಳದಲ್ಲ ಅಂದ್ಮೇಲೆ ನಂಗೆ ಬೇಡ.”

ತಾರ್ಯಾಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ನೀರು ಪರೀಕ್ಷೆಯ ಲ್ಯಾಬಿನಲ್ಲಿ ದಿನವಿಡೀ ಬಣ್ಣ ನೋಡಿ ಹೇಳುವುದೇ ಅವಳ ಕೆಲಸ. ಕಂಡದ್ದನ್ನು ಕಂಡಿಲ್ಲವೆನ್ನುವುದು ಹೇಗೆ? “ಒಂದ್ನಿಮಿಷ ತಡಿ. ಬೆಳಕಿಗೆ ಬಾ,” ಎಂದು ಅಕ್ಕನ ಕೈ ಹಿಡಿದು ಬಾಗಿಲಾಚೆ ಕರೆದುಕೊಂಡು ಹೋದಳು.

ಬೀದಿಯ ತುಂಬ ಹಿಮ, ಮೇಲೆ ಮಾರ್ಚ್ ತಿಂಗಳ ನೀಲಿ ಆಕಾಶ. ಗೋಡೆಯ ನೆರಳಿಗೆ ಬಂದದ್ದೇ ತಡ, ಜೇನೆಲ್ಲ ಸೋರಿಹೋದಂತೆ ವಿಗ್ಗು ಬಿಳಿಚಿಕೊಂಡಿತು.

“ಈಗೇನಂತೀಯ?” ಎಂದಳು ಹಿಲ್ಕಾ.

“ಈಗ... ನನ್ನದಕ್ಕಿಂತ ಬಿಳಿ.”

“ಭೇಷ್! ಒಳಗಿದ್ರೆ ಒಬ್ಬಳದು, ಹೊಸಿಲು ದಾಟಿದ್ರೆ ಇನ್ನೊಬ್ಬಳದು. ಅಲ್ಲ ಕಣೇ, ನಿನ್ನ ಕೂದಲನ್ನ ನೀನು ನೋಡಿರೋದಾದ್ರೂ ಎಲ್ಲಿ?”

“ಎಲ್ಲಿ ಅಂದ್ರೆ? ಕನ್ನಡೀಲಿ.”

“ಬಚ್ಚಲುಮನೆ ಟ್ಯೂಬ್‌ಲೈಟಿನ ಕೆಳಗೆ. ಅಲ್ಲಿ ಯಾರು ನಿಂತ್ರೂ ಹೆಣದ ಥರಾನೇ ಕಾಣೋದು. ನಿಂಗೆ ಜಡೆ ಹಾಕ್ತಿದ್ದವಳು ನಾನು, ಒಲೆ ಪಕ್ಕ ಕೂರಿಸ್ಕೊಂಡು. ನಾನು ನೋಡಿದ್ದು ಜೇನಿನ ಬಣ್ಣಾನೇ.” ಹಿಲ್ಕಾಳ ದನಿ ಇಳಿಯಿತು. “ಆದ್ರೂ ನಿಂದಲ್ಲ ಅಂತ ನಿನ್ನ ಬಾಯಲ್ಲೇ ಬಂತಲ್ಲ. ಇನ್ನು ಹೆಂಗೆ ಹಾಕ್ಕೊಳ್ಳಲಿ?”

ತಾರ್ಯಾಳಿಗೆ ತನ್ನ ಲ್ಯಾಬು ನೆನಪಾಯಿತು. ಅಲ್ಲಿ ಯಾರೂ ನೀರಿನ ಬಣ್ಣವನ್ನು ಅದೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಬಣ್ಣ ಗೊತ್ತಿರುವ ಇನ್ನೊಂದು ಸೀಸೆಯನ್ನು ಪಕ್ಕದಲ್ಲಿಟ್ಟು, ಎರಡರ ಮೇಲೂ ಒಂದೇ ಬೆಳಕು ಬೀಳುವಂತೆ ಹಿಡಿಯುತ್ತಾರೆ. ತೆಳು ಬಣ್ಣದ ಕೂದಲೂ ತಿಳಿನೀರಿನ ಹಾಗೆಯೇ. ತನ್ನದೆಂಬ ಬಣ್ಣ ಅದರಲ್ಲಿರುವುದು ಸ್ವಲ್ಪವೇ. ದೀಪದ್ದೋ ಹಿಮದ್ದೋ, ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ಉಟ್ಟುಕೊಂಡು ನಿಲ್ಲುತ್ತದೆ. ಇಷ್ಟು ಗೊತ್ತಿದ್ದವಳು, ಇವತ್ತಿನ ದೀಪದಲ್ಲಿ ಕಂಡದ್ದನ್ನು ನೆನಪಿನಲ್ಲಿದ್ದ ಬಚ್ಚಲುಮನೆಯ ಬಣ್ಣಕ್ಕೆ ಹೋಲಿಸಿದ್ದಳು. ಹೋಲಿಸಬೇಕಾದದ್ದು ಅವಳ ಟೋಪಿಯ ಕೆಳಗೇ ಇತ್ತು.

ಕೈ ಟೋಪಿಯವರೆಗೆ ಹೋಗಿ ಹಿಂಜರಿಯಿತು. ಎದುರಿನ ಬಸ್ ನಿಲ್ದಾಣದಲ್ಲಿ ಜನ ನಿಂತಿದ್ದರು. ಅವಳು ಕಣ್ಣು ಮುಚ್ಚಿ ಟೋಪಿಯನ್ನು ಎಳೆದಳು. ಒಣ ಚಳಿಯಲ್ಲಿ ಉಣ್ಣೆಗೆ ಉಜ್ಜಿದ ಗಿಡ್ಡ ಕೂದಲು ಚಟಚಟ ಸದ್ದು ಮಾಡುತ್ತ ನೆಟ್ಟಗೆ ಎದ್ದು ನಿಂತಿತು.

“ಅಯ್ಯೋ ಮುಳ್ಳುಹಂದಿ!” ಹಿಲ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ಅವಳ ಮುಂದೆ ಹೀಗೆ ಬರಿತಲೆಯಲ್ಲಿ ನಿಂತದ್ದು ಅದೇ ಮೊದಲು.

“ನಗು, ನಗು. ತಲೆ ಇಲ್ಲಿ ತಾ.”

ಇಬ್ಬರೂ ತಲೆಗೆ ತಲೆ ಕೊಟ್ಟು ಅಂಗಡಿಯ ಕಿಟಕಿ ಗಾಜಿನಲ್ಲಿ ನೋಡಿದರು. ಎಲ್ಲಿ ಒಬ್ಬಳದು ಮುಗಿದು ಇನ್ನೊಬ್ಬಳದು ಶುರುವಾಗುತ್ತದೆಂದು ತಿಳಿಯಲಿಲ್ಲ. ಹಾಗೇ ಅಂಟಿಕೊಂಡೇ, ಏಡಿಗಳಂತೆ ಅಡ್ಡಡ್ಡ ನಡೆದು ಒಳಗೆ ಬಂದರು. ದೀಪದ ಕೆಳಗೆ ಎರಡು ತಲೆಯೂ ಒಟ್ಟಿಗೇ ಜೇನಾದವು.

“ತಪ್ಪಾಯ್ತು ಒನ್ನಿ,” ಎಂದಳು ತಾರ್ಯಾ.

“ತಪ್ಪು ಆಮೇಲೆ. ಮೊದ್ಲು ಬಾಗಿಲು ಹಾಕಮ್ಮ, ಒಳಗಿನ ಬಿಸಿಯೆಲ್ಲ ಹೋಗ್ತಿದೆ.”

ಮನೆಗೆ ಹೋಗಲು ಸಂತೆ ಚೌಕ ದಾಟಬೇಕಿರಲಿಲ್ಲ. ಆದರೂ ಹಿಲ್ಕಾಳ ಕಾಲು ಅತ್ತ ತಿರುಗಿತು. ಅವಳ ಮುಚ್ಚಿದ ಅಂಗಡಿಯ ಪಕ್ಕ, ಕಿತ್ತಳೆ ಬಣ್ಣದ ಟಾರ್ಪಾಲಿನ ಕೆಳಗೆ, ಆಲೂಗಡ್ಡೆ ಮಾರುವ ಮುದುಕಿಯೊಬ್ಬಳೇ ಕೂತಿದ್ದಳು. ಅಕ್ಕ-ತಂಗಿ ಆ ನೆರಳಿಗೆ ಕಾಲಿಟ್ಟಾಗ ಇಬ್ಬರ ಕೂದಲೂ ಮಾಗಿದ ಏಪ್ರಿಕಾಟ್ ಹಣ್ಣಿನಂತೆ ಕೇಸರಿಯಾಯಿತು. ಈ ಸಲ ತಾರ್ಯಾ ಬಾಯಿ ಬಿಡಲಿಲ್ಲ.

ಮುದುಕಿ ತಲೆಯನ್ನೂ ನೋಡಲಿಲ್ಲ, ಕ್ಷೇಮವನ್ನೂ ಕೇಳಲಿಲ್ಲ. “ಎಲ್ಲಿ ಹಾಳಾಗಿ ಹೋಗಿದ್ಯೇ ಹಿಲ್ಕಾ? ರೊಟ್ಟಿ ಎಲ್ಲಿ, ರೊಟ್ಟಿಯವಳೆಲ್ಲಿ ಅಂತ ಜನ ನನ್ನ ಪ್ರಾಣ ತಿಂತಿದಾರೆ!”

“ನಾಳೆ ತರ್ತೀನಿ ಅಂತ ಹೇಳು ಅವರಿಗೆ. ಈ ಸಲ ಮೀನು ದಪ್ಪದ್ದು ಸಿಕ್ಕತ್ತೆ, ಹಿಟ್ಟು...”

ಹೆಪ್ಪುಗಟ್ಟಿದ ಸರೋವರದ ಕಡೆಯಿಂದ ಗಾಳಿ ಬೀಸಿ ಒಂದು ಎಳೆ ಅವಳ ಕಣ್ಣಿನ ಮೇಲೆ ಬಿತ್ತು. ಹಿಲ್ಕಾ ಮಾತು ನಿಲ್ಲಿಸದೆಯೇ ಅದನ್ನು ಒಂದು ಬೆರಳಿನಿಂದ ಕಿವಿಯ ಹಿಂದಕ್ಕೆ ಸರಿಸಿದಳು.