ನಗುವ ಖಾನಾವಳಿ

ಬಾಗಲಕೋಟೆಯಲ್ಲಿ ಈಗ ಮಾಲೀಕರು ಲೈವ್‌ನಲ್ಲಿ ನಗುತ್ತಿರುವಷ್ಟು ಹೊತ್ತು ಮಾತ್ರ ಅಂಗಡಿ ಜನರ ಕಣ್ಣಿಗೆ ಕಾಣುತ್ತದೆ. ಬಸ್ ನಿಲ್ದಾಣದೆದುರಿನ ಖಾನಾವಳಿಯ ನೀಲವ್ವನಿಗೆ ಇವತ್ತು ನಗು ಬೇಡವಾಗಿತ್ತು. ಜೊತೆಗೆ ಕೂತು ರೊಟ್ಟಿ ಬಡಿಯುತ್ತಿದ್ದ ತಂಗಿ ಗೌರವ್ವ ತೀರಿಕೊಂಡು ವಾರವೂ ಆಗಿರಲಿಲ್ಲ. ಸಪ್ಪಳ ಕೇಳಿ ಬರುವವರು ಬರಲಿ ಎಂದು ಫೋನ್ ಮುಟ್ಟದೆ ಒಬ್ಬಳೇ ಬಡಿಯತೊಡಗಿದಳು.

ರಜೆ ಮುಗಿಸಿ ಬಂದ ಕಂಡಕ್ಟರ್ ರಾಚಪ್ಪ ಹೊಸ್ತಿಲೆದುರು ನಿಂತು ಗಾಳಿಯಲ್ಲಿ ಕೈಯಾಡಿಸಿದ. "ರೊಟ್ಟಿ ಸಪ್ಪಳಾ ಕೇಳತೈತಿ, ಖಾನಾವಳಿ ಕಾಣವಲ್ದು. ಲೈವ್ ಬಾ ನೀಲವ್ವಾ, ಹಸಿವಾಗೇತಿ."

"ಬಾಗಲಾ ಅಲ್ಲೇ ಐತ್ರಿ ಅಣ್ಣಾರ, ಹಂಗ ಒಳಗ ಬರ್ರಿ."

"ಕಾಣದಿದ್ದಲ್ಲಿ ಹೆಂಗ ಕಾಲಿಡೂದವ್ವಾ?" ಅವನು ಪಕ್ಕದ ಹೋಟೆಲಿನತ್ತ ತಿರುಗಿದ.

ನೀಲವ್ವ ಹಿಟ್ಟಿನ ಕೈಯಲ್ಲೇ ಫೋನ್ ಒತ್ತಿದಳು. ಬರಿಯ ತುಟಿಯ ನಗುವನ್ನು ಅದು ಒಪ್ಪಲಿಲ್ಲ. ಕೊನೆಗೆ, ರಾಚಪ್ಪ ಸೀಟಿ ಊದುವುದನ್ನು ಗೌರವ್ವ ಅಣಕಿಸುತ್ತಿದ್ದುದನ್ನು ನೆನೆದಳು. ನಗು ಬಂತು, ಖಾನಾವಳಿ ಕಂಡಿತು.

ರಾಚಪ್ಪ ಒಳಬಂದು ಕೂತು ಸುತ್ತ ನೋಡಿದ. "ಗೌರವ್ವ ಕಾಣವಲ್ಲಳಲ್ಲ. ಅಕಿ ಇವತ್ತ ನಗವಲ್ಲಳೇನು?"

ಲೈವ್ ಓಡುತ್ತಿತ್ತು. ನೀಲವ್ವ ನಗುತ್ತಲೇ ಅವನ ತಾಟಿಗೆ ರೊಟ್ಟಿ ಹಾಕಿದಳು.