ಚೀಟಿ ಇಲ್ಲದ ಮಾಲು

ಕಾವ್ಯಾ ಬರೆದ ಲೇಖನ ಎರಡನೇ ಸಲ ವಾಪಸು ಬಂತು. ವಿಜಯಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳಿಗೆ ಪತ್ರಿಕೆಯಲ್ಲಿ ಒಮ್ಮೆಯಾದರೂ ತನ್ನ ಹೆಸರು ನೋಡುವ ಆಸೆ. ಸಂಪಾದಕ ಸುಶೀಲೇಂದ್ರ ಫೋನಿನಲ್ಲಿ ಮುಲಾಜಿಲ್ಲದೆ ಹೇಳಿದರು: "ಡೇಟಾ ಸೆಂಟರ್ ಅಂದ್ರೇನು ಅಂತ ನನಗೇ ತಿಳೀಲಿಲ್ರಿ. ಮನ್ಯಾಗ ಯಾರಿಗರೆ ಓದಿ ಹೇಳ್ರಿ. ಅವರಿಗೆ ತಿಳಿದ್ರ ಇವತ್ತ ಸಂಜಿ ಐದರೊಳಗ ಕಳಸ್ರಿ. ಇಲ್ಲಾಂದ್ರ ಆ ಜಾಗಕ್ಕ ಉಪ್ಪಿನಕಾಯಿ ಮಾಡೋ ವಿಧಾನ ಹಾಕ್ತೀನಿ."

ರವಿವಾರವಾದ್ದರಿಂದ ಅವಳು ಹೊನವಾಡದ ಮನೆಯಲ್ಲಿದ್ದಳು. ಓದಿ ಹೇಳಲು ಸಿಕ್ಕವಳು ತಾಯಿ ಶಂಕ್ರೆವ್ವ ಒಬ್ಬಳೇ. ಪಡಸಾಲೆಯಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕುಳಿತಿದ್ದಳು. 'ದತ್ತಾಂಶ ಸಂಗ್ರಹಣಾ ಮೂಲಸೌಕರ್ಯ' ಎಂದು ಮಗಳು ಶುರುಮಾಡಿದ್ದೇ ತಡ, ತಾಯಿಗೆ ಆಕಳಿಕೆ ಬಂತು.

ಕಾವ್ಯಾ ಹಾಳೆ ಮಡಚಿಟ್ಟಳು. "ನೋಡವಾ, ದೂರ ಎಲ್ಲೋ ಒಂದು ದೊಡ್ಡ ಕಟ್ಟಡ ಐತಿ. ತುಂಬ ಕಂಪ್ಯೂಟರ್. ಎಲ್ಲಾರ ಫೋಟೋ, ಮಾತು, ಯಾರು ಎಲ್ಲಿಗೆ ಹ್ವಾದ್ರು, ಏನು ಕೊಂಡ್ರು, ಎಲ್ಲಾ ಅಲ್ಲೇ ಇಡ್ತಾರ. ಕಂಪ್ಯೂಟರ್ ಕಾದು ಕೆಡಬಾರ್ದಂತ ಹಗಲೂ ರಾತ್ರಿ ತಂಪು ಮಾಡ್ತಿರ್ತಾರ."

"ಅಂದ್ರ ಕೋಲ್ಡ್ ಸ್ಟೋರೇಜ್ ಅನ್ನು. ಇಷ್ಟಕ್ಕ ನಾಕು ಹಾಳಿ ಬರದೀಯೇನ?"

ಕಾವ್ಯಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಈ ಸೀಮೆಯಲ್ಲಿ ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡದವರು ಯಾರಿದ್ದಾರೆ? ಮೂಲಸೌಕರ್ಯವನ್ನು ಹೊಡೆದು ಹಾಕಿ ಹೊಸದಾಗಿ ಬರೆಯತೊಡಗಿದಳು.

"ನಾವು ಮಾಲು ಇಟ್ರ ಚೀಟಿ ಕೊಡ್ತಾರ," ಶಂಕ್ರೆವ್ವ ಕೆದಕಿದಳು. "ಇಲ್ಲಿ ಚೀಟಿ ಯಾರ ಹಂತ್ಯಾಕ ಇರ್ತೈತಿ?"

"ಚೀಟಿ ಇಲ್ಲ. ಫೋನಿನ್ಯಾಗ ಒಪ್ಪಿಗಿ ಅಂತ ಒತ್ತತೀವಿ, ಅಷ್ಟ."

"ಬಾಡಿಗಿ?"

"ಭಾಳ ಮಂದಿಗೆ ಪುಕ್ಕಟ."

ಶಂಕ್ರೆವ್ವನ ಕೈ ನಿಂತಿತು. "ಚೀಟಿ ಕೊಡಂಗಿಲ್ಲ, ಬಾಡಿಗಿ ಕೇಳಂಗಿಲ್ಲ. ಹಂಗಾರ ಅವ ನಮ್ಮ ಮಾಲಿನ ಮ್ಯಾಲೇ ತನ್ನ ದಂಧೆ ಹಚ್ಚಿರ್ತಾನ ತಗೋ."

ಕಾವ್ಯಾ ಹತ್ತು ವರ್ಷ ಓದಿ ತಿಳಿದದ್ದೂ ಇಷ್ಟೇ. ಆ ಮಾತನ್ನು ಇದ್ದಂತೆಯೇ ಕೊನೆಗೆ ಸೇರಿಸಿ, ಐದಕ್ಕೆ ಐದು ನಿಮಿಷ ಇರುವಾಗ ಕಳಿಸಿದಳು.

ಸ್ವಲ್ಪ ಹೊತ್ತಿನಲ್ಲೇ ಸುಶೀಲೇಂದ್ರರ ಫೋನು. "ಈಗ ತಿಳೀತು ನೋಡ್ರಿ! ಮುಂದಿನ ವಾರ ನಿಮ್ಮ ಹೆಸರಿಲೇ ಬರ್ತದ. ಆ ಕೊನೀ ಮಾತು ನಿಮ್ಮ ತಾಯಿಯವರದಂತ ಬರದೀರಿ. ಅವರ ಹೆಸರು, ಊರು, ಒಂದು ಫೋಟೋ ಕಳಸ್ರಿ, ಹಾಕೋಣು."

ಕಾವ್ಯಾ ಹಿಗ್ಗಿನಿಂದ ತಾಯಿಯ ಕಡೆ ಫೋನು ಹಿಡಿದಳು. "ಅವ್ವಾ, ಸೆರಗು ಸರಿ ಮಾಡ್ಕೋ, ಪೇಪರಿಗೆ ನಿನ್ನ ಫೋಟೋ ಬೇಕಂತ."

ಶಂಕ್ರೆವ್ವ ನಗುತ್ತ ಮುಖದ ಮುಂದೆ ಮೊರ ಹಿಡಿದಳು. "ಬ್ಯಾಡವಾ. ನನ್ನ ಮಾರಿಯರೆ ನನ್ನ ಹಂತ್ಯಾಕ ಇರ್ಲಿ."